ಐದು ಬೆರಳಲ್ಲಿ ನಾಲ್ಕೇ ಮಾತು ಕೇಳಿದರೆ: ಒಂದು ಕೈಯ ಕೀಪ್ಯಾಡ್ ಆರಿಸಿದ ಕಥೆ

ಭಾಗ 1

ಹೋದ ವಾರದ ಫೋಟೋದಲ್ಲಿ ನನ್ನ ಮೇಜಿನ ಮೇಲೆ ಅರ್ಧ ಮುರಿದ ಕೀಬೋರ್ಡ್ ತರ ಒಂದು ವಸ್ತು ಇತ್ತಲ್ಲ, ಅದರ ಬಗ್ಗೆ ಬಂದಷ್ಟು ಮೆಸೇಜ್ ನನ್ನ ಹುಟ್ಟುಹಬ್ಬಕ್ಕೂ ಬಂದಿರಲಿಲ್ಲ. "ಇನ್ನರ್ಧ ಎಲ್ಲಿ ಮಗಾ?" ಅಂತ ಕೇಳಿದವರೇ ಹನ್ನೊಂದು ಜನ. ಇನ್ನರ್ಧ ಇಲ್ಲ. ಅದು ಅಷ್ಟೇ ಇರೋದು. ಎಡಗೈಗೆ ಮಾತ್ರ ಮಾಡಿದ ಕೀಪ್ಯಾಡ್ ಅದು, ಬಲಗೈ ಮೌಸ್ ಮೇಲಿರುತ್ತೆ. ಯಾವ ಕೀ ಒತ್ತಿದ್ರೆ ಏನಾಗಬೇಕು ಅನ್ನೋದನ್ನ ನಾವೇ ಬರೆದುಕೊಳ್ಳಬಹುದು, ಅದಕ್ಕೇ ಪ್ರೋಗ್ರಾಮೆಬಲ್ ಅಂತಾರೆ.

"ಯಾವುದು ತಗೊಳ್ಳಲಿ, ಲಿಂಕ್ ಕಳಿಸು" ಅಂತ ಕೇಳಿದವರಿಗೆ ಒಂದೇ ಸಾಲಲ್ಲಿ ಉತ್ತರ ಕೊಡೋಕಾಗಲ್ಲ. ನನಗೆ ಸರಿಹೋದದ್ದು ನಿಮಗೆ ಸರಿಹೋಗುತ್ತೆ ಅನ್ನೋಕೆ ನಿಮ್ಮ ಕೈ ನನ್ನ ಕೈ ಅಲ್ಲ. ಅದಕ್ಕೇ ಈ ಸರಣಿ. ಉದ್ದ ಇದೆ, ಊಟ ಮಾಡ್ತಾ ಓದಿ.

ಭಾಗ 2

ನನ್ನ ಕ್ಲಾಸಿನವರಿಗೆ ಗೊತ್ತಿರೋ ವಿಷಯ, ಉಳಿದವರಿಗೆ ಹೇಳ್ತೀನಿ. ಪಿಯುಸಿ ಮೊದಲ ವರ್ಷದಲ್ಲಿ ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿಯೋಕೆ ಹೋಗಿ ಲೆದರ್ ಬಾಲ್ ನೇರ ನನ್ನ ಎಡಗೈ ಕಿರುಬೆರಳಿನ ತುದಿಗೆ ಬಡೀತು. ಮೂಳೆ ಕೂಡಿಕೊಂಡಿತು, ನಡುಗೀಲು ಮಾತ್ರ ಮತ್ತೆ ಸರಿಯಾಗಿ ಬಾಗಲಿಲ್ಲ. ಈಗ ಅದು ಅರ್ಧ ಬಾಗಿದ ಸ್ಥಿತಿಯಲ್ಲೇ ನಿಂತಿದೆ, ಕೊಕ್ಕೆ ತರ. ಚೀಲ ಹಿಡಿಯೋಕೆ, ಬೈಕ್ ಕ್ಲಚ್ ಒತ್ತೋಕೆ ಏನೂ ತೊಂದರೆ ಇಲ್ಲ. ಅನ್ನ ತಿನ್ನೋದು ಬಲಗೈಯಲ್ಲಿ. ಹಾಗಾಗಿ ದಿನದ ಬದುಕಲ್ಲಿ ಅದು ನೆನಪಿಗೇ ಬರಲ್ಲ.

ಆದ್ರೆ ಕಂಪ್ಯೂಟರ್ ಆಟದ ಮುಂದೆ ಕೂತಾಗ ಬರುತ್ತೆ. ನಿಮ್ಮ ಎಡಗೈನ ಕೀಬೋರ್ಡ್ ಮೇಲೆ ಇಟ್ಟು ನೋಡಿ. ನಡುಬೆರಳು ಡಬ್ಲ್ಯೂ ಮತ್ತು ಎಸ್, ಉಂಗುರ ಬೆರಳು ಎ, ತೋರುಬೆರಳು ಡಿ, ಹೆಬ್ಬೆರಳು ಸ್ಪೇಸ್ ಬಾರ್. ಉಳಿದ ಕಿರುಬೆರಳಿಗೆ ಶಿಫ್ಟ್, ಕಂಟ್ರೋಲ್, ಟ್ಯಾಬ್, ಕ್ಯಾಪ್ಸ್ ಲಾಕ್ ಎಲ್ಲಾ. ಕೈಯಲ್ಲೇ ಬಡಕಲು ಬೆರಳು ಅದು, ಅದರ ತಲೆ ಮೇಲೆ ನಾಲ್ಕು ಮೂಟೆ. ಐದು ಬೆರಳೂ ಸಮ ಇರಲ್ಲ ಅಂತ ನಮ್ಮಜ್ಜಿ ಬೇರೆ ಅರ್ಥದಲ್ಲಿ ಹೇಳ್ತಿದ್ರು. ಕೀಬೋರ್ಡ್ ಮಾಡಿದವರಿಗೂ ಯಾರಾದ್ರೂ ಹೇಳಬೇಕಿತ್ತು.

ನಾನು ಆಡೋದು ವ್ಯಾಲರಂಟ್. ಅದರಲ್ಲಿ ಓಡಿದ್ರೆ ಹೆಜ್ಜೆ ಸಪ್ಪಳ ಎದುರಾಳಿಗೆ ಕೇಳಿಸುತ್ತೆ, ಶಿಫ್ಟ್ ಹಿಡಿದು ನಡೆದ್ರೆ ಕೇಳಿಸಲ್ಲ. ನನ್ನ ಕಿರುಬೆರಳು ಶಿಫ್ಟ್ ಮುಟ್ಟಲ್ಲ, ಹಾಗಾಗಿ ಉಂಗುರ ಬೆರಳಲ್ಲಿ ಒತ್ತುತ್ತಿದ್ದೆ. ಉಂಗುರ ಬೆರಳು ಶಿಫ್ಟ್ ಮೇಲಿದ್ರೆ ಎ ಕೀ ಖಾಲಿ. ಎ ಅಂದ್ರೆ ಎಡಕ್ಕೆ. ಅಂದ್ರೆ ನಾನು ಮುಂದೆ, ಹಿಂದೆ, ಬಲಕ್ಕೆ ಬೆಕ್ಕಿನ ತರ ಹೋಗಬಲ್ಲೆ, ಎಡಕ್ಕೆ ಮಾತ್ರ ಆನೆ. ನನ್ನ ಟೀಮಿನವರು ಇದನ್ನ ಮೊದಲು ತಮಾಷೆ ಮಾಡಿದ್ರು. ಆಮೇಲೆ ಕಾಲೇಜ್ ಫೆಸ್ಟ್‌ಗೆ ಹೆಸರು ಕೊಡೋ ದಿನ ಹತ್ತಿರ ಬಂತು, ತಮಾಷೆ ನಿಂತುಹೋಯ್ತು. "ನೀನು ಸಬ್‌ಸ್ಟಿಟ್ಯೂಟ್ ಇರು, ಬೇಜಾರಿಲ್ಲ ತಾನೇ?" ಅಂದ್ರು. ಅವರು ಹೇಳಿದ್ದು ನ್ಯಾಯವಾಗೇ ಇತ್ತು. ಬೇಜಾರಂತೂ ಆಯ್ತು. ಕ್ರಿಕೆಟ್ ಬಿಟ್ಟಾಗ ಅದರ ಜಾಗಕ್ಕೆ ಬಂದಿದ್ದು ಈ ಐದು ಜನ, ರಾತ್ರಿ ಹತ್ತರ ನಂತರದ ಈ ಎರಡು ಗಂಟೆ. ಅದೇ ಬೆರಳು ಇದನ್ನೂ ಕಿತ್ಕೊಳ್ಳುತ್ತೆ ಅಂದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಭಾಗ 3

ದುಡ್ಡು ಖರ್ಚಾಗದ ದಾರಿಗಳನ್ನ ಮೊದಲು ನೋಡಿದೆ. ನೀವೂ ಅದನ್ನೇ ಮೊದಲು ನೋಡಿ, ಎಷ್ಟೋ ಜನಕ್ಕೆ ಅಲ್ಲೇ ಕೆಲಸ ಮುಗಿಯುತ್ತೆ.

ಆಟದ ಸೆಟ್ಟಿಂಗ್ಸ್‌ನಲ್ಲಿ ಕೀ ಬದಲಾಯಿಸಬಹುದು. ನಡಿಗೆಯನ್ನ ಮೌಸಿನ ಪಕ್ಕದ ಬಟನ್‌ಗೆ ಹಾಕಿದೆ. ಶಬ್ದ ನಿಂತಿತು, ಆದ್ರೆ ಬಲಗೈ ಹೆಬ್ಬೆರಳು ಆ ಬಟನ್‌ನ ಒತ್ತಿ ಹಿಡಿದಿರುವಾಗ ಮೌಸ್ ಹಿಡಿತ ಬಿಗಿಯಾಗುತ್ತೆ, ಗುರಿ ನಡುಗುತ್ತೆ. ಒಮ್ಮೆ ತಟ್ಟಿಬಿಡೋ ಕೆಲಸಕ್ಕೆ ಮೌಸ್ ಬಟನ್ ಒಳ್ಳೇದು, ಹಿಡಿದುಕೊಂಡೇ ಇರಬೇಕಾದ ಕೆಲಸಕ್ಕೆ ಅಲ್ಲ. ಇನ್ನೊಂದು, ಟಾಗಲ್: ಒಮ್ಮೆ ಒತ್ತಿದ್ರೆ ನಡಿಗೆ, ಮತ್ತೆ ಒತ್ತಿದ್ರೆ ಓಟ. ಗಾಬರಿಯಲ್ಲಿ ಈಗ ಯಾವುದರಲ್ಲಿದ್ದೀನಿ ಅಂತಲೇ ತಿಳಿಯಲ್ಲ. ಫ್ಯಾನ್ ಸ್ವಿಚ್ ಯಾವುದು ಅಂತ ಹುಡುಕುತ್ತಾ ಮನೆ ಲೈಟೆಲ್ಲ ಆರಿಸಿದ ಹಾಗೆ.

ಪಕ್ಕದಲ್ಲಿ 12 ಬಟನ್ ಇರೋ ಮೌಸ್ ಕೂಡ ಇದೆ, ರೇಜರ್ ನಾಗ ಅಂತ. ಹೆಸರು ಕೇಳಿದ್ರೆ ನಮ್ಮೂರ ಕಡೆಯದು ಅನ್ನಿಸುತ್ತೆ. ರಾಶಿ ರಾಶಿ ಮಂತ್ರ ತಂತ್ರ ಇರೋ ದೊಡ್ಡ ಆನ್‌ಲೈನ್ ಆಟಗಳಿಗೆ ಅದು ಚೆನ್ನಾಗಿದೆ. ಗುರಿ ಇಟ್ಟು ಹೊಡೆಯೋ ಆಟಕ್ಕೆ ಭಾರ.

ಇಲ್ಲಿ ಒಂದು ಅಡ್ಡಮಾತು. ಡಬ್ಲ್ಯೂ, ಎ, ಎಸ್, ಡಿ ಮೇಲೆ ಕೈ ಇಡಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಮುಂಚೆ ಬಾಣದ ಗುರುತಿನ ಕೀಗಳಲ್ಲಿ ಆಡೋರೇ ಜಾಸ್ತಿ ಇದ್ರು. 1997ರಲ್ಲಿ ಕ್ವೇಕ್ ಆಟದ ಟೂರ್ನಿಯಲ್ಲಿ ಡೆನ್ನಿಸ್ ಫಾಂಗ್ ಅನ್ನೋನು, ಆಟದಲ್ಲಿ ಅವನ ಹೆಸರು ಥ್ರೆಶ್, ಗೆದ್ದು ಆ ಆಟ ಬರೆದ ಜಾನ್ ಕಾರ್ಮ್ಯಾಕ್‌ರ ಫೆರಾರಿ ಕಾರನ್ನೇ ಬಹುಮಾನವಾಗಿ ತಗೊಂಡ. ಅವನು ಕೈ ಇಡ್ತಿದ್ದ ರೀತಿ ಇದು, ಎಲ್ಲರೂ ನೋಡಿ ಕಲಿತರು, ಆಮೇಲೆ ಆಟದ ಕಂಪನಿಗಳೂ ಇದನ್ನೇ ಡೀಫಾಲ್ಟ್ ಮಾಡಿದ್ವು. ಅವನ ಕಿರುಬೆರಳು ಚೆನ್ನಾಗಿತ್ತು, ಅಷ್ಟೇ.

ಎಡಗೈಗೆ ಒಂದು ಪುಟ್ಟ ಕೀಪ್ಯಾಡ್, ಬಲಗೈಗೆ ಮೌಸ್ ಅನ್ನೋ ಜೋಡಿ ಇನ್ನೂ ಹಳೇದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್ಬಾರ್ಟ್ ಮೌಸನ್ನ ಜನರ ಮುಂದೆ ತೋರಿಸಿದಾಗ ಅವರ ಎಡಗೈ ಕೆಳಗೆ ಐದೇ ಕೀಗಳ ಒಂದು ಪ್ಯಾಡ್ ಇತ್ತು. ಪಿಯಾನೋ ತರ ಎರಡು ಮೂರು ಕೀ ಒಟ್ಟಿಗೆ ಒತ್ತಿ ಅಕ್ಷರ ಬರೆಯೋದು. ಐದು ಕೀಯಿಂದ 31 ಜೋಡಣೆ ಆಗುತ್ತೆ, ಲೆಕ್ಕ ಹಾಕಿ ನೋಡಿ. ಮೌಸ್ ಜಗತ್ತೆಲ್ಲ ಸುತ್ತಿತು, ಆ ಪ್ಯಾಡ್ ಅಲ್ಲೇ ಉಳೀತು. ಕಲಿಯೋಕೆ ಕಷ್ಟ ಅನ್ನೋದೇ ಕಾರಣ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 4

ಅಂಗಡಿಗೆ ಹೋಗೋ ಮುಂಚೆ ಎರಡು ಕೆಲಸ. ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಎಣಿಸಿ. ನೀವು ಆಡೋ ಆಟಕ್ಕೆ ಎಡಗೈಯಿಂದ ಎಷ್ಟು ಕೀ ಬೇಕು? ವ್ಯಾಲರಂಟ್‌ಗೆ ನಾನು ಎಣಿಸಿದಾಗ 21 ಬಂತು: ಓಡಾಟಕ್ಕೆ ನಾಲ್ಕು, ನಡಿಗೆ, ಕೂರೋದು, ಜಿಗಿಯೋದು, ನಾಲ್ಕು ವಿದ್ಯೆಗಳು, ಗುಂಡು ತುಂಬೋದು, ಬಾಗಿಲು ಗೀಗಿಲು ಮುಟ್ಟೋ ಕೀ, ಆಯುಧ ಬದಲಿಸೋ ನಾಲ್ಕು, ಸ್ಕೋರ್, ಮ್ಯಾಪ್, ಅಂಗಡಿ, ಮೈಕ್. ಇದರಲ್ಲಿ ಒಟ್ಟಿಗೆ ಹಿಡಿದಿರಬೇಕಾದವು ಯಾವುವು ಅಂತ ಗುರುತು ಹಾಕಿ. ನಂದು: ಎರಡು ದಿಕ್ಕು, ನಡಿಗೆ, ಮೈಕ್. ಈ ನಾಲ್ಕೂ ಒಂದೇ ಕ್ಷಣದಲ್ಲಿ ಒತ್ತಿರಬಹುದು. ಹಾಗಾಗಿ ಈ ನಾಲ್ಕು ಕೆಲಸದಲ್ಲಿ ಯಾವ ಎರಡೂ ಒಂದೇ ಬೆರಳಿಗೆ ಬೀಳಬಾರದು. ನನ್ನ ಹುಡುಕಾಟದಲ್ಲಿ ಅತಿ ಮುಖ್ಯವಾದ ಸಾಲು ಇದೇ. ಬಾಕ್ಸ್ ಮೇಲೆ ಎಷ್ಟು ಕೀ ಅಂತ ಬರೆದಿದೆ ಅನ್ನೋದಕ್ಕಿಂತ ಇದು ದೊಡ್ಡದು.

ಎರಡನೇದು, ಕೈ ಬರೆದುಕೊಳ್ಳಿ. ಮೇಜಿನ ಮೇಲೆ ಹಾಳೆ ಇಟ್ಟು, ಆಡುವಾಗ ಕೂರೋ ಹಾಗೆ ಕೂತು, ಕಣ್ಣು ಮುಚ್ಚಿ ಎಡಗೈನ ಸುಮ್ಮನೆ ಇಳಿಸಿ. ಬೆರಳ ತುದಿ ಬಿದ್ದಲ್ಲಿ ಚುಕ್ಕೆ. ಮೂರ್ನಾಲ್ಕು ಸಲ ಮಾಡಿ. ಚುಕ್ಕೆಗಳು ನೇರ ಸಾಲಲ್ಲಿ ಬರಲ್ಲ. ನಡುಬೆರಳು ಮೇಲೆ, ಅದಕ್ಕಿಂತ ತುಸು ಕೆಳಗೆ ತೋರುಬೆರಳು ಉಂಗುರ ಬೆರಳು, ಕಿರುಬೆರಳು ಇನ್ನೂ ಕೆಳಗೆ, ಹೆಬ್ಬೆರಳು ಒಳಗಡೆ ಎಲ್ಲೋ. ಮಾಮೂಲಿ ಕೀಬೋರ್ಡ್‌ನ ಸಾಲುಗಳು ಒಂದಕ್ಕೊಂದು ಅಡ್ಡಡ್ಡ ಸರಿದಿರೋದು ಹಳೇ ಟೈಪ್‌ರೈಟರ್‌ನ ಕಂಬಿಗಳಿಗೆ ಜಾಗ ಬೇಕಿತ್ತು ಅಂತ. ಕೈಗೂ ಅದಕ್ಕೂ ಸಂಬಂಧ ಇಲ್ಲ. ಕೀಯಿಂದ ಕೀಗೆ ಸಾಮಾನ್ಯವಾಗಿ 19 ಮಿಲಿಮೀಟರ್ ಚಿಲ್ಲರೆ ದೂರ ಇರುತ್ತೆ, ಆ ಅಳತೆಯ ಚೌಕಗಳನ್ನ ಚುಕ್ಕೆ ಮೇಲೆ ಬರೆದ್ರೆ ನಿಮಗೆ ಬೇಕಾದ ಕೀಪ್ಯಾಡ್‌ನ ನಕ್ಷೆ ಸಿಕ್ಕಿಬಿಡುತ್ತೆ.

ನನ್ನ ಹಾಳೆಯಲ್ಲಿ (ಎರಡನೇ ಫೋಟೋ ನೋಡಿ) ಕಿರುಬೆರಳಿನ ಚುಕ್ಕೆ ಉಂಗುರ ಬೆರಳಿಗೆ ಅಂಟಿಕೊಂಡೇ ಬಿದ್ದಿದೆ. ಅಲ್ಲಿಂದ ಒಂದು ಇಂಚೂ ಕದಲಲ್ಲ. ಅಂದ್ರೆ ಅದಕ್ಕೆ ಒಂದೇ ಕೀ ಕೊಡಬಹುದು, ಅದೂ ಅಪರೂಪಕ್ಕೆ ಒತ್ತೋದು. ಇನ್ನೊಂದು ಗಮನಿಸಿದ್ದು: ನನ್ನ ಹೆಬ್ಬೆರಳು ಇಡೀ ದಿನ ಸ್ಪೇಸ್ ಬಾರ್ ಮೇಲೆ ಸೋಮಾರಿಯಾಗಿ ಮಲಗಿರುತ್ತೆ. ಕೈಯಲ್ಲೇ ಗಟ್ಟಿ ಬೆರಳು, ಎಲ್ಲಾ ಕಡೆ ತಿರುಗುತ್ತೆ, ಅದಕ್ಕೆ ಕೊಟ್ಟಿರೋದು ಜಗತ್ತಿನ ಅತಿ ಉದ್ದದ ಒಂದೇ ಒಂದು ಕೀ. ಆ ಜಾಗದಲ್ಲಿ ನಾಲ್ಕು ಕೀ ಹಿಡಿಸುತ್ತೆ.

ಅಲ್ಲಿಗೆ ನನ್ನ ಹುಡುಕಾಟ ಒಂದೇ ಪ್ರಶ್ನೆಗೆ ಇಳೀತು. ಹೆಬ್ಬೆರಳಿಗೆ ಯಾವುದು ಹೆಚ್ಚು ಕೆಲಸ ಕೊಡುತ್ತೆ?

ಭಾಗ 5

ಈಗ ಅಂಗಡಿಯಲ್ಲಿ ಸಿಗೋದು.

ರೇಜರ್ ಟಾರ್ಟಾರಸ್. ಎಲ್ಲರೂ ಮೊದಲು ನೋಡೋದು ಇದನ್ನೇ. ಇದರ ವಂಶ ಹಳೇದು, ಬೆಲ್ಕಿನ್ ಕಂಪನಿಯ ನಾಸ್ಟ್ರೋಮೋ ಅನ್ನೋ ಪ್ಯಾಡ್‌ನಿಂದ ಶುರುವಾಗಿ ರೇಜರ್ ಕೈಗೆ ಬಂದದ್ದು. ವಿ2 ಮಾದರಿಯ ಬಾಕ್ಸ್ ಮೇಲೆ 32 ಪ್ರೋಗ್ರಾಮೆಬಲ್ ಕೀ ಅಂತ ಇರುತ್ತೆ. ಆ 32ರಲ್ಲಿ ಹೆಬ್ಬೆರಳ ಪ್ಯಾಡ್‌ನ ಎಂಟು ದಿಕ್ಕು, ಸ್ಕ್ರಾಲ್ ಚಕ್ರದ ತಿರುವು ಎಲ್ಲಾ ಸೇರಿದೆ, ಬೆರಳ ಕೆಳಗೆ ನಿಜವಾಗಿ ಬರೋದು 20ರ ಆಸುಪಾಸು. ಅಂಗೈ ಇಡೋಕೆ ಮೆತ್ತನೆ ಜಾಗ ಇದೆ, ಅದು ದೊಡ್ಡ ಸುಖ. 2019ರಲ್ಲಿ ಬಂದ ಪ್ರೋ ಮಾದರಿಯಲ್ಲಿ ಕೀ ಎಷ್ಟು ಆಳಕ್ಕೆ ಒತ್ತಿದ್ರಿ ಅನ್ನೋದನ್ನೂ ಅಳೆಯುತ್ತೆ. ಅರ್ಧ ಒತ್ತಿದ್ರೆ ಒಂದು ಕೆಲಸ, ಪೂರ್ತಿ ಒತ್ತಿದ್ರೆ ಇನ್ನೊಂದು. ಕೇಳೋಕೆ ಚೆಂದ.

ನನ್ನ ಸೀನಿಯರ್ ಒಬ್ಬರ ಹತ್ರ ವಿ2 ಇತ್ತು, ಒಂದು ಭಾನುವಾರ ಪೂರ್ತಿ ಕೊಟ್ಟರು. ಹೆಬ್ಬೆರಳ ಪ್ಯಾಡ್‌ಗೆ ಓಡಾಟ ಹಾಕಿದೆ, ನಾಲ್ಕೂ ಬೆರಳು ಖಾಲಿ. ನಡಿಗೆಯ ಸಮಸ್ಯೆ ಒಂದೇ ನಿಮಿಷದಲ್ಲಿ ಮಾಯ. ಆದ್ರೆ ಈ ಆಟದಲ್ಲಿ ಗುಂಡು ಹೊಡೆಯೋ ಮುಂಚೆ ಗಕ್ಕನೆ ನಿಲ್ಲಬೇಕು. ಎಡದಿಂದ ಬಲಕ್ಕೆ ದಿಕ್ಕು ಬದಲಿಸೋಕೆ ಎರಡು ಬೆರಳು ಎರಡು ಕೀ ಮೇಲೆ ಕಾದಿರುತ್ತೆ ಮಾಮೂಲಿಯಾಗಿ. ಇಲ್ಲಿ ಒಂದೇ ಹೆಬ್ಬೆರಳು ಈ ಕಡೆಯಿಂದ ಆ ಕಡೆ ಹೊರಳಬೇಕು. ಆ ಹೊರಳುವಷ್ಟರಲ್ಲಿ ನಾನು ಸತ್ತಿರ್ತಿದ್ದೆ. ಕತ್ತಿ ಯುದ್ಧದ ಆಟ, ತಿರುಗಾಡೋ ಆಟ, ಇಂಥದಕ್ಕೆ ನೀವು ಇದನ್ನ ಕಣ್ಣು ಮುಚ್ಚಿ ತಗೋಬಹುದು. ಆದ್ರೆ ಎಡಗೈಗೆ ಮಾತ್ರ ಬರುತ್ತೆ, ಕೀ ಬದಲಿಸೋಕೆ ಕಂಪನಿಯ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಇವೆರಡು ಗೊತ್ತಿರಲಿ.

ಲಾಜಿಟೆಕ್ ಜಿ13. ಹಳೇ ಸಾಮಾನು ಮಾರೋ ಗುಂಪುಗಳಲ್ಲಿ ಆಗಾಗ ಕಾಣುತ್ತೆ, ಪುಟ್ಟ ಪರದೆ, ಹೆಬ್ಬೆರಳಿಗೆ ನಿಜವಾದ ಸ್ಟಿಕ್. ನೋಡೋಕೆ ವಿಮಾನದ ಭಾಗ ತರ. ತಯಾರಿಕೆ ನಿಂತು ವರ್ಷಗಳಾಗಿವೆ, ಕಂಪನಿಯ ಈಗಿನ ಸಾಫ್ಟ್‌ವೇರ್ ಇದನ್ನ ಗುರುತಿಸಲ್ಲ, ಹಳೇದನ್ನೇ ಹುಡುಕಿ ಹಾಕಬೇಕು. ಪ್ರೀತಿ ಇದ್ರೆ ತಗೊಳ್ಳಿ. ಕಮ್ಮಿ ಬೆಲೆಗೆ ಸಿಕ್ತು ಅನ್ನೋ ಒಂದೇ ಕಾರಣಕ್ಕೆ ಬೇಡ.

ಅಜೆರಾನ್. ಇದು ಲಾಟ್ವಿಯಾ ದೇಶದ್ದು, ಹೆಚ್ಚಿನ ಭಾಗ 3ಡಿ ಪ್ರಿಂಟರ್‌ನಲ್ಲಿ ಮಾಡ್ತಾರೆ. ನೋಡಿದ್ರೆ ಜೇಡ ಮಲಗಿದ ಹಾಗಿದೆ, ಅಮ್ಮ ಫೋಟೋ ನೋಡಿ "ಇದನ್ನ ಮನೆಗೆ ತರಬೇಡ" ಅಂದ್ರು. ಇಲ್ಲಿ ಬೆರಳು ಕೀ ಹುಡುಕಿಕೊಂಡು ಹೋಗಲ್ಲ. ಪ್ರತಿ ಬೆರಳಿಗೂ ಒಂದು ಪುಟ್ಟ ಗೋಪುರ, ಅದರಲ್ಲಿ ಕೆಳಗೆ ಒತ್ತಿದ್ರೆ ಒಂದು, ಹಿಂದಕ್ಕೆ ಎಳೆದ್ರೆ ಇನ್ನೊಂದು, ಮುಂದಕ್ಕೆ ತಳ್ಳಿದ್ರೆ ಮತ್ತೊಂದು. ಗೋಪುರವನ್ನೇ ಸ್ಕ್ರೂ ಸಡಿಲಿಸಿ ನಿಮ್ಮ ಬೆರಳು ಇರೋ ಕಡೆಗೆ ತರಬಹುದು. ಎಡಗೈ ಬಲಗೈ ಎರಡಕ್ಕೂ ಮಾಡ್ತಾರೆ. ನನ್ನ ಕೊಕ್ಕೆ ಬೆರಳಿಗೆ ಇದಕ್ಕಿಂತ ಒಳ್ಳೆ ವಸ್ತು ಇಲ್ಲ, ಇದನ್ನ ಸುಳ್ಳು ಹೇಳಲ್ಲ. ಆದ್ರೆ ಶಿಪ್ಪಿಂಗ್, ಸುಂಕ ಎಲ್ಲಾ ಸೇರಿಸಿ ನೋಡಿದಾಗ ನನ್ನ ಒಂದು ಸೆಮಿಸ್ಟರ್‌ನ ಮೆಸ್ ಬಿಲ್ ಕಣ್ಣ ಮುಂದೆ ಬಂತು. ಟ್ಯಾಬ್ ಮುಚ್ಚಿದೆ. ಕೈಗೆ ನಿಜವಾಗ್ಲೂ ತೊಂದರೆ ಇರೋರು, ಮನೆಯಲ್ಲಿ ಅನುಕೂಲ ಇರೋರು ನೀವಾಗಿದ್ರೆ ಈ ಪ್ಯಾರಾ ಇನ್ನೊಂದು ಸಲ ಓದಿ.

ಸ್ಟಿಕ್ ಬಗ್ಗೆ ಒಂದು ಎಚ್ಚರಿಕೆ. ಸ್ಟಿಕ್ ಇದ್ದ ಮಾತ್ರಕ್ಕೆ ನಿಧಾನ ನಡಿಗೆ, ಜೋರು ಓಟ ಎರಡೂ ಸಿಗುತ್ತೆ ಅಂದ್ಕೋಬೇಡಿ. ಅದಕ್ಕೆ ಆಟವೇ ಕಂಟ್ರೋಲರ್ ಮತ್ತು ಮೌಸನ್ನ ಒಟ್ಟಿಗೆ ಒಪ್ಪಬೇಕು. ಪಿಸಿ ವ್ಯಾಲರಂಟ್ ಕಂಟ್ರೋಲರನ್ನೇ ಒಪ್ಪಲ್ಲ. ಅಂಥ ಆಟದಲ್ಲಿ ಸ್ಟಿಕ್ ಕೂಡ ನಾಲ್ಕು ಕೀಗಳ ವೇಷ ಹಾಕಬೇಕು, ಅಷ್ಟೇ.

ಭಾಗ 6

ಅಗ್ಗದ ಪ್ಯಾಡ್‌ಗಳ ಬಗ್ಗೆ. ಹೆಸರೇ ಇಲ್ಲದ "ಒನ್ ಹ್ಯಾಂಡ್ ಗೇಮಿಂಗ್ ಕೀಬೋರ್ಡ್"ಗಳು ಆನ್‌ಲೈನಲ್ಲಿ ಸಾವಿರ ಚಿಲ್ಲರೆಗೆ ಸಿಗುತ್ತೆ. ಹೆಚ್ಚಿನವು ಮಾಮೂಲಿ ಕೀಬೋರ್ಡನ್ನ ನಡುವೆ ಕೊಯ್ದ ಹಾಗಿರೋವು. ಕಿರುಬೆರಳ ಭಾರ ಅಲ್ಲೇ ಇರುತ್ತೆ, ಬಣ್ಣದ ಲೈಟ್ ಹೊಸದಾಗಿ ಬರುತ್ತೆ. ಎಷ್ಟೋ ಮಾದರಿಗಳಲ್ಲಿ ಕೀ ಬದಲಿಸೋಕೇ ಬರಲ್ಲ. ತಗೊಳ್ಳೋ ಮುಂಚೆ ಎರಡು ಕೇಳಿ.

ಒಂದು, ಎಷ್ಟು ಕೀ ಒಟ್ಟಿಗೆ ಒತ್ತಿದ್ರೆ ಗುರುತಿಸುತ್ತೆ? ಯುಎಸ್‌ಬಿ ಕೀಬೋರ್ಡ್‌ನ ಮೂಲ ಪದ್ಧತಿಯಲ್ಲಿ ಒಂದು ಸಲಕ್ಕೆ ಆರು ಕೀ, ಅದರ ಜೊತೆ ಶಿಫ್ಟ್ ಕಂಟ್ರೋಲ್ ಜಾತಿಯವು, ಕಳಿಸೋಕೆ ಜಾಗ ಇದೆ. ಆರು ಸಾಕೇ ಸಾಕು. ಆದ್ರೆ ಒಳಗಿನ ವೈರಿಂಗ್ ಕೆಟ್ಟದಾಗಿದ್ರೆ ಮೂರಕ್ಕೇ ತಕರಾರು. ಒಳಗೆ ಕೀಗಳು ಅಡ್ಡ ಸಾಲು, ಉದ್ದ ಸಾಲಿನ ಜಾಲರಿಯಲ್ಲಿ ಇರುತ್ತವೆ. ಒಂದು ಚೌಕದ ಮೂರು ಮೂಲೆ ಒತ್ತಿದ್ರೆ ಕರೆಂಟ್ ಸುತ್ತಿ ಬಂದು ನಾಲ್ಕನೇ ಮೂಲೆಯೂ ಒತ್ತಿದ ಹಾಗೆ ಕಾಣುತ್ತೆ. ಅದಕ್ಕೇ ದೆವ್ವದ ಕೀ ಅಂತ ಹೆಸರು, ಘೋಸ್ಟಿಂಗ್. ಪ್ರತಿ ಕೀಗೂ ಒಂದು ಡಯೋಡ್ ಹಾಕಿದ್ರೆ ಕರೆಂಟ್ ಒಂದೇ ಕಡೆ ಹರಿಯುತ್ತೆ, ದೆವ್ವ ಓಡುತ್ತೆ. ಡಯೋಡ್ ಹಾಕದ ಪ್ಯಾಡ್‌ಗಳು ನಾಲ್ಕನೆಯದನ್ನ ತೋರಿಸೋ ಬದಲು ಮೂರನೆಯದನ್ನೇ ನುಂಗಿಬಿಡುತ್ತವೆ. ಸುಮ್ಮನೆ ನೋಟ್‌ಪ್ಯಾಡ್ ತೆಗೆದು ನಿಮ್ಮ ನಾಲ್ಕು ಕೀ ಒಟ್ಟಿಗೆ ಒತ್ತಿ ನೋಡಿ, ಗೊತ್ತಾಗುತ್ತೆ.

ಎರಡು, ನೀವು ಬರೆದ ಜೋಡಣೆ ಎಲ್ಲಿ ಉಳಿಯುತ್ತೆ, ಪ್ಯಾಡ್ ಒಳಗೋ ಕಂಪ್ಯೂಟರ್ ಒಳಗೋ? ಹಾಸ್ಟೆಲ್‌ನವರಿಗೆ ಇದು ಮುಖ್ಯ. ಕಾಲೇಜ್ ಫೆಸ್ಟ್‌ನ ಕಂಪ್ಯೂಟರ್‌ನಲ್ಲಿ ನಿಮ್ಮ ಸಾಫ್ಟ್‌ವೇರ್ ಹಾಕೋಕೆ ಯಾರೂ ಬಿಡಲ್ಲ. ಪ್ಯಾಡ್ ಒಳಗೇ ಇದ್ರೆ ಚುಚ್ಚಿದ ತಕ್ಷಣ ಕೆಲಸ.

ಸೆಕೆಂಡಿಗೆ ಸಾವಿರ ಸಲ ಮಾಹಿತಿ ಕಳಿಸುತ್ತೆ ಅನ್ನೋ ಜಾಹೀರಾತಿಗೆ ತಲೆ ಕೆಡಿಸ್ಕೋಬೇಡಿ. ಸಾವಿರ ಸಲ ಅಂದ್ರೆ 1 ಮಿಲಿಸೆಕೆಂಡಿಗೆ ಒಂದು, 125 ಸಲ ಅಂದ್ರೆ 8 ಮಿಲಿಸೆಕೆಂಡಿಗೆ ಒಂದು. ಎಡಕ್ಕೆ ನಡೆಯೋಕೇ ಬಾರದವನಿಗೆ ಆ 7 ಮಿಲಿಸೆಕೆಂಡ್ ತಗೊಂಡು ಏನಾಗಬೇಕು?

ಭಾಗ 7

ಕೊನೆಗೆ ನನಗೆ ದಾರಿ ಸಿಕ್ಕಿದ್ದು ಗೇಮಿಂಗ್ ಸಾಮಾನಿನ ಸಾಲಲ್ಲಿ ಅಲ್ಲ. ಎರಡು ತುಂಡಾಗಿ ಬರೋ ಸ್ಪ್ಲಿಟ್ ಕೀಬೋರ್ಡ್ ಅಂತ ಒಂದು ಜಾತಿ ಇದೆ, ದಿನವಿಡೀ ಟೈಪ್ ಮಾಡೋರು ತಾವೇ ಬೆಸುಗೆ ಹಾಕಿ ಮಾಡ್ಕೊಳ್ಳೋದು. ನಕ್ಷೆಗಳು ಓಪನ್ ಸೋರ್ಸ್, ಯಾರು ಬೇಕಾದ್ರೂ ಬಳಸಬಹುದು. ಅದರಲ್ಲಿ ಲಿಲಿ58 ಅನ್ನೋದರ ಚಿತ್ರ ನೋಡಿದೆ. ಒಟ್ಟು 58 ಕೀ, ಅರ್ಧಕ್ಕೆ 29. ಕೀಗಳ ಕಂಬ ಸಾಲುಗಳು ಬೆರಳ ಉದ್ದಕ್ಕೆ ತಕ್ಕ ಹಾಗೆ ಮೇಲೆ ಕೆಳಗೆ ಸರಿದಿವೆ, ಕಿರುಬೆರಳಿನ ಕಂಬ ತಗ್ಗಿನಲ್ಲಿದೆ, ಹೆಬ್ಬೆರಳಿಗೆ ನಾಲ್ಕು ಕೀ! ನನ್ನ ಹಾಳೆಯನ್ನ ಪರದೆ ಮೇಲೆ ಹಿಡಿದು ನೋಡಿದೆ. ಸಾಕಷ್ಟು ಹೊಂದಿತು.

ಆಮೇಲೆ ಗೊತ್ತಾದ ವಿಷಯಕ್ಕೆ ನಾನು ರೂಮಲ್ಲಿ ಒಬ್ಬನೇ ಕುಣಿದೆ. ಅದರ ಬೋರ್ಡ್ ಎರಡೂ ಕಡೆಗೂ ಆಗುತ್ತೆ. ಒಂದೇ ಬೋರ್ಡನ್ನ ಈ ಮಗ್ಗುಲಿಗೆ ಹಾಕಿದ್ರೆ ಎಡಗೈ, ಮಗುಚಿದ್ರೆ ಬಲಗೈ. ಜೋಡಿಯಾಗಿ ಮಾರ್ತಾರೆ, ಆದ್ರೆ ಜೋಡಿಯಲ್ಲೇ ಎರಡು ಎಡಗೈ ಮಾಡಿಕೊಳ್ಳೋಕೆ ಯಾರೂ ಬೇಡ ಅನ್ನಲ್ಲ. ನಮ್ಮ ಎಲೆಕ್ಟ್ರಾನಿಕ್ಸ್ ಸೆಕ್ಷನ್‌ನ ಒಬ್ಬಳಿಗೆ ಚಿತ್ರ ಬರೆಯೋ ಹುಚ್ಚು. ಬಲಗೈಯಲ್ಲಿ ಸ್ಟೈಲಸ್, ಎಡಗೈ ಯಾವಾಗ್ಲೂ ಅಂಡೂ ಕೀ ಹುಡುಕ್ತಿರುತ್ತೆ. ಅವಳಿಗೆ ಬೆಸುಗೆ ಬರುತ್ತೆ, ನನಗೆ ಬರಲ್ಲ. ನಾನು ಹೇಳೋಕೆ ಮುಂಚೆ ಅವಳೇ "ಇನ್ನೊಂದು ನಂಗೆ" ಅಂದಳು.

ಬೋರ್ಡ್ ಜೋಡಿ ಆನ್‌ಲೈನಲ್ಲಿ ತರಿಸಿದ್ವಿ, ಉಳಿದದ್ದಕ್ಕೆ ಬೆಂಗಳೂರಿನ ಎಸ್‌ಪಿ ರೋಡ್. ಅಲ್ಲಿ ಹೋಗೋರಿಗೆ ಒಂದು ಮಾತು, ಚೀಟಿಯಲ್ಲಿ ಭಾಗದ ಸಂಖ್ಯೆ ಬರೆದುಕೊಂಡು ಹೋಗಿ. ಡಯೋಡ್ ಕೊಡಿ ಅಂದ್ರೆ ಯಾವುದು ಅಂತ ಕೇಳ್ತಾರೆ, 1ಎನ್4148 ಅಂದ್ರೆ ಎಣಿಸೋಕೇ ಶುರು ಮಾಡ್ತಾರೆ. ಅರ್ಧಕ್ಕೆ 29 ಡಯೋಡ್, 29 ಸ್ವಿಚ್ ಮತ್ತು ಅದರ ಸಾಕೆಟ್, ಒಂದು ಪುಟ್ಟ ಕಂಟ್ರೋಲರ್ ಬೋರ್ಡ್. ಎಲ್ಲಾ ಸೇರಿ ನನ್ನ ಪಾಲಿಗೆ 2,700 ರೂಪಾಯಿ ಚಿಲ್ಲರೆ ಆಯ್ತು, ಅವಳಿಗೆ ಬೆಸುಗೆಯ ಕೂಲಿ ಅಂತ ಎರಡು ಮಸಾಲೆ ದೋಸೆ. ಡಯೋಡ್ ಮೇಲಿನ ಕಪ್ಪು ಗೆರೆ ಎಲ್ಲಾ ಒಂದೇ ದಿಕ್ಕಿಗೆ ಇರಬೇಕು. ಅವಳು ಇದನ್ನ ಹತ್ತು ಸಲ ಹೇಳಿ ಹತ್ತು ಸಲ ನೋಡಿದಳು.

ಅಪ್ಪನಿಗೆ ಏನು ಹೇಳಿದೆ ಅಂತ ಕೇಳ್ತೀರ. ಇದ್ದದ್ದೇ ಹೇಳಿದೆ. "ಆಟಕ್ಕೆ ತಾನೇ?" ಅಂದ್ರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬೆರಳು ನೋವು ಬರಲ್ವಾ ಅದ್ರಲ್ಲಿ?" ಅಂತ ಕೇಳಿದ್ರು. ಆ ಬಾಲ್ ಎಸೆದ ಬ್ಯಾಟಿಂಗ್ ಪ್ರಾಕ್ಟೀಸ್‌ಗೆ ಬೆಳಗ್ಗೆ ಐದೂವರೆಗೆ ಎಬ್ಬಿಸಿ ಕರ್ಕೊಂಡು ಹೋಗಿದ್ದು ಅವರೇ. ನಾವು ಅದರ ಬಗ್ಗೆ ಮಾತಾಡಲ್ಲ.

ಭಾಗ 8

ಒಳಗಿನ ಪ್ರೋಗ್ರಾಂ ಬಗ್ಗೆ ಚಿಕ್ಕದಾಗಿ. ಕ್ಯೂಎಂಕೆ ಅನ್ನೋ ಓಪನ್ ಸೋರ್ಸ್ ಫರ್ಮ್‌ವೇರ್ ಹಾಕಿದ್ವಿ. ಅದರ ಮೇಲೆ ವಿಯಾ ಅಂತ ಒಂದು, ಕ್ರೋಮ್ ಬ್ರೌಸರ್‌ನಲ್ಲೇ ತೆಗೆದು ಕೀ ಮೇಲೆ ಕ್ಲಿಕ್ ಮಾಡಿ ಬದಲಿಸಬಹುದು, ಪ್ಯಾಡ್ ಒಳಗೇ ಉಳಿಯುತ್ತೆ. ಕೋಡ್ ಬರೆಯೋಕೆ ಬರಬೇಕಿಲ್ಲ. ಒಂದರ ಮೇಲೊಂದು ಪದರ ಮಾಡಬಹುದು: ಮೊದಲ ಪದರ ಆಟಕ್ಕೆ, ಎರಡನೇದು ವಿಡಿಯೋ ಎಡಿಟಿಂಗ್‌ಗೆ.

ನನ್ನ ಜೋಡಣೆ ಕೊನೇ ಫೋಟೋದಲ್ಲಿದೆ. ಹೆಬ್ಬೆರಳಿನ ನಾಲ್ಕಕ್ಕೆ ನಡಿಗೆ, ಜಿಗಿತ, ಕೂರೋದು, ಮೈಕ್. ನಡಿಗೆಯ ಜೊತೆ ಮೈಕ್ ಬೇಕಾದಾಗ ಹೆಬ್ಬೆರಳ ಮಗ್ಗುಲಲ್ಲಿ ಎರಡು ಕೀ ಸೇರಿಸಿ ಒತ್ತುತ್ತೀನಿ, ಪಕ್ಕಪಕ್ಕ ಇಟ್ಟಿದ್ದೀನಿ. ಭಾಗ 4ರ ಸಾಲಿಗೆ ಇದು ಅಪವಾದ, ಆದ್ರೆ ಹೆಬ್ಬೆರಳಿಗೆ ಮಾತ್ರ ಆ ತಾಕತ್ತಿದೆ. ಕಿರುಬೆರಳಿಗೆ ಒಂದೇ ಒಂದು ಕೀ, ಸ್ಕೋರ್ ನೋಡೋದು. ಸತ್ತಾಗ ಒತ್ತೋದು, ಅವಸರ ಇಲ್ಲ.

ಎರಡು ಎಚ್ಚರಿಕೆ. ಒಂದೇ ಕೀಯನ್ನ ತಟ್ಟಿದ್ರೆ ಒಂದು, ಹಿಡಿದ್ರೆ ಇನ್ನೊಂದು ಅಂತ ಮಾಡೋ ಸೌಕರ್ಯ ಇದೆ. ತಟ್ಟಿದ್ದೋ ಹಿಡಿದದ್ದೋ ಅಂತ ತಿಳಿಯೋಕೆ ಪ್ಯಾಡ್ ಕಾಯುತ್ತೆ, ಕ್ಯೂಎಂಕೆಯಲ್ಲಿ ಅದು ಮಾಮೂಲಿಗೆ 200 ಮಿಲಿಸೆಕೆಂಡ್. ಎಡಿಟಿಂಗ್‌ಗೆ ಪರವಾಗಿಲ್ಲ, ಆಟದ ಪದರದಲ್ಲಿ ಇಡಬೇಡಿ.

ಎರಡನೇದು ಗಂಭೀರ. ಒಂದು ಕೀ ಒತ್ತಿದ್ರೆ ಸಾಲಾಗಿ ಐದು ಕೆಲಸ ತಾನಾಗಿ ಆಗೋ ಹಾಗೆ ಮ್ಯಾಕ್ರೋ ಬರೆಯಬಹುದು. ಬರೀಬೇಡಿ, ಅಂದ್ರೆ ಬೇರೆಯವರ ಎದುರು ಆಡೋ ಆಟದಲ್ಲಿ. 2024ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಕೌಂಟರ್ ಸ್ಟ್ರೈಕ್ 2ರಲ್ಲಿ, ಒಂದು ಒತ್ತಿಗೆ ಹಲವು ಕ್ರಿಯೆ ಮಾಡೋದನ್ನೂ ಕೀಬೋರ್ಡೇ ನಿಮ್ಮ ಪರವಾಗಿ ದಿಕ್ಕು ಬದಲಿಸಿಕೊಡೋ ಸ್ನ್ಯಾಪ್ ಟ್ಯಾಪ್ ತರದ ಸೌಕರ್ಯಗಳನ್ನೂ ತನ್ನ ಸರ್ವರ್‌ಗಳಲ್ಲಿ ನಿಷೇಧಿಸಿತು. ಕೀಯ ಜಾಗ ಬದಲಿಸೋದು ಬೇರೆ, ಕೈಯ ಕೆಲಸವನ್ನೇ ಯಂತ್ರಕ್ಕೆ ಕೊಡೋದು ಬೇರೆ. ನನ್ನ ಪ್ಯಾಡ್‌ನಲ್ಲಿ ಒಂದು ಒತ್ತಿಗೆ ಒಂದೇ ಕೆಲಸ. ಫೆಸ್ಟ್ ನಡೆಸೋರಿಗೆ ಮುಂಚೆಯೇ ತೋರಿಸಿ ಒಪ್ಪಿಗೆ ತಗೊಂಡಿದ್ದೆ. ನೀವೂ ಹಾಗೇ ಮಾಡಿ, ಪಂದ್ಯದ ನಡುವೆ ಜಗಳ ಬೇಡ.

ಭಾಗ 9

ಎಂಗಲ್ಬಾರ್ಟ್‌ರ ಪ್ಯಾಡ್ ಯಾಕೆ ಉಳೀಲಿಲ್ಲ ಅಂದಿದ್ದೆ, ನೆನಪಿದೆಯಾ? ಕಲಿಯೋದು. ಮೊದಲ ವಾರ ನಾನು ಮುಂಚಿಗಿಂತ ಕೆಟ್ಟದಾಗಿ ಆಡಿದೆ. ಜಿಗಿಯೋ ಬದಲು ಕೂತೆ, ಕೂರೋ ಬದಲು ಮೈಕ್ ಆನ್ ಮಾಡಿ ಬೈದೆ. ದಿನಾ ಪ್ರಾಕ್ಟೀಸ್ ರೇಂಜ್‌ನಲ್ಲಿ ಇಪ್ಪತ್ತು ನಿಮಿಷ ಬರೀ ಎಡಕ್ಕೆ ಬಲಕ್ಕೆ ನಡೆದೆ, ಗುಂಡೇ ಹಾರಿಸದೆ. ಸುಮಾರು ಮೂರು ವಾರಕ್ಕೆ ಹೆಬ್ಬೆರಳು ಯೋಚಿಸೋದನ್ನ ನಿಲ್ಲಿಸಿತು. ನಿಮ್ಮ ಪಂದ್ಯ ಮುಂದಿನ ವಾರ ಇದ್ರೆ ಈಗ ಪ್ಯಾಡ್ ಬದಲಿಸಬೇಡಿ. ಅದರ ನಂತರ ಬದಲಿಸಿ.

ಫೆಸ್ಟ್‌ನಲ್ಲಿ ನಾನು ಐದರಲ್ಲಿ ಒಬ್ಬ. ಎರಡನೇ ಸುತ್ತಲ್ಲಿ ಸೋತ್ವಿ, ಎದುರಿದ್ದವರು ತುಂಬಾ ಚೆನ್ನಾಗಿದ್ರು. ಆದ್ರೆ ಮೊದಲ ಸುತ್ತಲ್ಲಿ ಒಂದು ಕಡೆ ನಾನೊಬ್ಬನೇ ಉಳಿದಿದ್ದೆ, ಎದುರು ಇಬ್ಬರು. ಗೋಡೆ ಅಂಚಲ್ಲಿ ಎಡಕ್ಕೆ ನಡೆದೆ. ಹಿಂದೆ ನಿಂತಿದ್ದ ನಮ್ಮ ಕ್ಯಾಪ್ಟನ್ ಹೆಡ್‌ಸೆಟ್‌ಗೆ ಕಿವಿ ಕೊಟ್ಟು, ಏನೂ ಕೇಳ್ತಿಲ್ಲ ಅಂತ ಪಕ್ಕದವನಿಗೆ ಪಿಸುಗುಟ್ಟಿದ್ದು ಆಮೇಲೆ ತಿಳೀತು.

ಇದರ ಕೊರತೆಯೂ ಹೇಳಿಬಿಡ್ತೀನಿ. ಅಂಗೈಗೆ ಆಸರೆ ಇಲ್ಲ, ಹಳೇ ಟವೆಲ್ ಮಡಚಿ ಇಟ್ಟಿದ್ದೀನಿ. ಕೆಳಗಡೆ ರಬ್ಬರ್ ಪಾದ ಅಂಟಿಸದಿದ್ರೆ ಮೇಜಿನ ಮೇಲೆ ಜಾರುತ್ತೆ. ಚಾಟ್‌ನಲ್ಲಿ ಏನಾದ್ರೂ ಬರೀಬೇಕಂದ್ರೆ ದೊಡ್ಡ ಕೀಬೋರ್ಡ್ ಹತ್ರ ಹೋಗಬೇಕು, ನನ್ನ ಟೀಮಿಗೆ ಅದು ವರ ಅಂತೆ. ಬೆಸುಗೆ ಹಾಕೋರು ಗೊತ್ತಿಲ್ಲ ಅಂದ್ರೆ ಟಾರ್ಟಾರಸ್ ನೋಡಿ, ಆದ್ರೆ ಯಾರ ಹತ್ರಾದ್ರೂ ಒಂದು ದಿನ ಇಸ್ಕೊಂಡು ಆಡಿದ ಮೇಲೆ.

ಕಾಮೆಂಟ್‌ನಲ್ಲಿ ಮೂವರು ಎಡಚರು ಕೇಳಿದ್ರಿ. ನೀವು ಮೌಸ್ ಎಡಗೈಯಲ್ಲಿ ಹಿಡಿಯೋರಾದ್ರೆ ನಿಮಗೆ ಬಲಗೈ ಪ್ಯಾಡ್ ಬೇಕು, ಅಂಗಡಿಯಲ್ಲಿ ಸಿಗೋದು ಕಷ್ಟ. ನಮ್ಮ ಬೋರ್ಡ್ ಮಗುಚಿದ್ರೆ ಬಲಗೈ ಆಗುತ್ತೆ ಅಂದೆನಲ್ಲ. ನಿಮ್ಮಲ್ಲಿ ಇಬ್ಬರು ಸೇರಿದ್ರೆ ಒಂದು ಜೋಡಿ ತರಿಸಬಹುದು. ಕೈಯ ಹಾಳೆ ಬರೆದು ಫೋಟೋ ಕಳಿಸಿ, ಬೆಸುಗೆಯವಳನ್ನ ಕೇಳಿ ಹೇಳ್ತೀನಿ. ಅವಳ ರೇಟ್ ಈಗ ಮೂರು ದೋಸೆ.

#ಕನ್ನಡಗೇಮಿಂಗ್ #ಒಂದುಕೈಕೀಪ್ಯಾಡ್ #ಲಿಲಿ58 #ಹಾಸ್ಟೆಲ್‌ಮೇಜು